ಮೂರರಲ್ಲಿ ಏಳಲಿಲ್ಲ, ಏಳರಲ್ಲಿ ಎದ್ದಿತು

ಜನವರಿಯ ಒಂದು ಶನಿವಾರ ಬೆಳಿಗ್ಗೆ, ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್. ಚಾಮುಂಡಿ ಬೆಟ್ಟದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಪಾರ್ 5 ಹೋಲ್ (ಐದು ಹೊಡೆತದಲ್ಲಿ ಮುಗಿಸಬೇಕಾದ್ದು) ಒಂದರಲ್ಲಿ ನನ್ನ ಡ್ರೈವ್, ಅಂದರೆ ಮೊದಲ ಹೊಡೆತ, ಅಪರೂಪಕ್ಕೆ ಫೇರ್‌ವೇ (ಹುಲ್ಲು ಗಿಡ್ಡಕ್ಕೆ ಕತ್ತರಿಸಿದ ದಾರಿ) ನಡುವೆ ಬಿದ್ದಿತ್ತು. ಹುಲ್ಲು ಚೆನ್ನಾಗಿತ್ತು, ಚೆಂಡು ಕಣ್ಣಿಗೆ ಕಾಣುವ ಹಾಗೆ ಕೂತಿತ್ತು. ಹುರುಪಿನಿಂದ ತ್ರೀ ವುಡ್ ಅನ್ನೋ ಕ್ಲಬ್ (ಚೆಂಡು ಹೊಡೆಯೋ ದಾಂಡು) ಎಳೆದು ಬೀಸಿದೆ. ಚೆಂಡು ನೆಲ ಬಿಟ್ಟು ಒಂದು ಗೇಣೂ ಮೇಲೇಳಲಿಲ್ಲ. ಓತಿಕ್ಯಾತ ಓಡಿದ ಹಾಗೆ ಹುಲ್ಲಿನ ಮೇಲೆ ಓಡಿ ಅರವತ್ತು ಗಜಕ್ಕೆ ನಿಂತಿತು. ಆ ಬೆಳಿಗ್ಗೆ ಇದು ನಾಲ್ಕನೇ ಸಲ.

ನನ್ನ ಬ್ಯಾಗ್ ಹೊರುವ ಕ್ಯಾಡಿ ಕಡಿಮೆ ಮಾತಿನ ಮನುಷ್ಯ. ಕ್ಲಬ್ ಒರೆಸುತ್ತಾ ಅಂದ: "ತಪ್ಪು ತಿಳ್ಕೋಬೇಡಿ ಸರ್. ಏಳಬೇಕು ಅಂದ್ರೆ ಏಳು ತಗೊಳ್ಳಿ."

ಏಳು ಅಂದರೆ ಸೆವೆನ್ ವುಡ್, ಚೆಂಡನ್ನು ಇನ್ನೂ ಮೇಲಕ್ಕೆ ಎತ್ತೋ ಕ್ಲಬ್. ನಾನು ನಕ್ಕು ಸುಮ್ಮನಾದೆ. ಅವತ್ತೇ ಅವನ ಮಾತು ಕೇಳಿದ್ದರೆ ಐದು ತಿಂಗಳು ಮತ್ತು ದೊಡ್ಡ ಮೊತ್ತದ ದುಡ್ಡು ಉಳಿಯುತ್ತಿತ್ತು. ಲೆಕ್ಕ ಕೊನೆಯಲ್ಲಿ ಹೇಳುತ್ತೇನೆ, ಮನೆಯವರ ಮುಂದೆ ಓದಬೇಡಿ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಗಾಲ್ಫ್ ಹಿಡಿದಿದ್ದು ತಡವಾಗಿ. 2021ರ ಆಗಸ್ಟ್ 7, ಟೋಕಿಯೊ ಒಲಿಂಪಿಕ್ಸ್. ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆ ಅಂತ ಗೆಳೆಯ ಫೋನ್ ಮಾಡಿ ಎಬ್ಬಿಸಿದ. ಆಟದ ನಿಯಮ ಒಂದೂ ಗೊತ್ತಿರಲಿಲ್ಲ, ಆದರೂ ಟಿವಿ ಬಿಟ್ಟು ಏಳಲಿಲ್ಲ. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ ಬಂತು. ಬ್ಯಾಗ್ ಹೊತ್ತಿದ್ದವರು ಅವರ ಅಮ್ಮ ಅನ್ನೋದು ಇನ್ನೂ ಕಣ್ಣಲ್ಲಿದೆ. ಉಳಿದವರು ಐರನ್ (ತೆಳ್ಳನೆ ಲೋಹದ ತಲೆಯ ಕ್ಲಬ್) ತೆಗೆಯುವ ಕಡೆ ಅದಿತಿ ಕೈಯಲ್ಲಿ ಎಷ್ಟೋ ಸಲ ವುಡ್ ಅಥವಾ ಹೈಬ್ರಿಡ್ (ವುಡ್, ಐರನ್ ಎರಡರ ಬೆರಕೆ) ಇರುತ್ತಿತ್ತು. ದೂರ ಹೊಡೆಯೋರ ಮಧ್ಯೆ ಅವರು ಅದರಲ್ಲೇ ಗ್ರೀನ್ (ಗುಳಿ ಇರೋ ನುಣುಪು ಹುಲ್ಲು) ಮುಟ್ಟಿಸಿ, ಗುಳಿಗೆ ಉರುಳಿಸೋ ಪಟರ್‌ನಲ್ಲಿ ಸಾಧಿಸುತ್ತಿದ್ದರು. ಈ ವಿಷಯ ಅವತ್ತು ನನ್ನ ತಲೆಗೆ ಹೋಗಲಿಲ್ಲ. ಹೋಗಿದ್ದು ಗಾಲ್ಫ್ ಹುಚ್ಚು ಮಾತ್ರ. ಆಗ ನನಗೆ ನಲವತ್ತೊಂಬತ್ತು.

ತ್ರೀ ವುಡ್ ನನ್ನ ಹಳೇ ಸೆಟ್ ಜೊತೆಯಲ್ಲೇ ಬಂದಿತ್ತು. ಹೊಸಬರು ಗಮನಿಸಿ: ಫೇರ್‌ವೇ ವುಡ್ ಅಂದರೆ ಡ್ರೈವರ್‌ನ (ಮೊದಲ ಹೊಡೆತದ ಅತಿ ಉದ್ದದ ಕ್ಲಬ್) ತಮ್ಮ. ತಲೆ ಚಿಕ್ಕದು, ಕೋಲು ಸ್ವಲ್ಪ ಗಿಡ್ಡ, ಟೀ (ಚೆಂಡು ಕೂರಿಸೋ ಪುಟ್ಟ ಗೂಟ) ಇಲ್ಲದೆ ನೆಲದಿಂದಲೇ ಹೊಡೆಯೋಕೆ ಮಾಡಿದ್ದು. ನಂಬರ್ ಹೆಚ್ಚಾದಷ್ಟೂ ಚೆಂಡಿಗೆ ತಾಗೋ ಮುಖ ಆಕಾಶದ ಕಡೆ ವಾಲುತ್ತದೆ. ಅದೇ ಲಾಫ್ಟ್. ಮೂರಕ್ಕೆ ಸುಮಾರು 15 ಡಿಗ್ರಿ, ಐದಕ್ಕೆ 18, ಏಳಕ್ಕೆ 21. ಕಂಪನಿಯಿಂದ ಕಂಪನಿಗೆ ಒಂದು ಡಿಗ್ರಿ ಆಚೀಚೆ ಇರುತ್ತದೆ, ಅದಕ್ಕೆ ನಂಬರ್ ನೋಡಬೇಡಿ, ಡಿಗ್ರಿ ನೋಡಿ.

"ವುಡ್ ಅಂತೀರಾ, ಒಂದು ಚೂರೂ ಮರ ಇಲ್ಲವಲ್ಲ ರೀ" ಅಂತ ನನ್ನ ಹೆಂಡತಿ ಒಮ್ಮೆ ಕೇಳಿದಳು. ನ್ಯಾಯವಾದ ಪ್ರಶ್ನೆ. ಹಿಂದೆ ತಲೆ ಮರದ್ದೇ ಇತ್ತು. ಪರ್ಸಿಮನ್ ಅನ್ನೋ ಅಮೆರಿಕದ ಮರ, ನಮ್ಮ ಬೀಡಿ ಎಲೆ ಮರದ ಬಳಗದ್ದು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಉಕ್ಕಿನ ತಲೆ ತಂದಮೇಲೆ ಮರ ಮೆಲ್ಲಗೆ ಮೂಲೆ ಸೇರಿತು, ಹೆಸರು ಮಾತ್ರ ಉಳಿಯಿತು.

ಸರಿ, ಕಥೆಗೆ ಬರೋಣ. ಕ್ಯಾಡಿ ಹೇಳಿದ್ದನ್ನು ಬಿಟ್ಟು ನಾನು ಮಾಡಿದ್ದೇನು? ತಪ್ಪು ನನ್ನದಲ್ಲ, ಹಳೇ ಕ್ಲಬ್ಬಿನದು ಅಂತ ತೀರ್ಮಾನಿಸಿ ಹೊಸ ತ್ರೀ ವುಡ್ ಕೊಳ್ಳೋಕೆ ಬೆಂಗಳೂರಿಗೆ ಹೋದೆ.

ಅಂಗಡಿ ತಣ್ಣಗಿತ್ತು. ಒಳಗೇ ಬಲೆ, ಪರದೆ, ಕಾಲಡಿಗೆ ಹಸಿರು ಮ್ಯಾಟ್. ಹೊಡೆದೆ. ಚೆಂಡು ಎದ್ದಿತು! ಪರದೆಯ ಮೇಲೆ 171 ಗಜ ಅಂತ ಬಂತು. ಇನ್ನೊಂದು, 168. ನಾಲ್ಕೈದು ಸಲ ಹೊಡೆದು 27,500 ರೂಪಾಯಿ ಕಾರ್ಡಿನಲ್ಲಿ ಎಳೆಸಿ, ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಮಲಗಿಸಿಕೊಂಡು ಬಂದೆ. ಮದ್ದೂರಿನಲ್ಲಿ ವಡೆ ತಿನ್ನೋಕೆ ಇಳಿದಾಗಲೂ ಎರಡು ಸಲ ಹಿಂದಿರುಗಿ ನೋಡಿದೆ.

ಮಾರನೇ ದಿನ ಹುಲ್ಲಿನ ಮೇಲೆ ಅದೇ ಓತಿಕ್ಯಾತ.

ಮ್ಯಾಟ್ ಹೇಗೆ ಮೋಸ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಚೆಂಡಿಗಿಂತ ಒಂದು ಇಂಚು ಹಿಂದೆ ಹೊಡೆದರೂ ಮ್ಯಾಟ್ ಮೇಲೆ ಕ್ಲಬ್ ಜಾರಿಕೊಂಡು ಹೋಗಿ ಚೆಂಡು ಮುಟ್ಟುತ್ತದೆ. ಮಣ್ಣಿನ ಮೇಲೆ ಅದೇ ಒಂದು ಇಂಚು ಹಿಂದೆ ಬಿದ್ದರೆ ತಲೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಎರಡು ಸಲ ಹಾಗೆ ಕಚ್ಚಿಕೊಂಡಮೇಲೆ ಮೂರನೇ ಸಲ ಹೆದರಿ ಕೈ ಎತ್ತುತ್ತೇವೆ, ಆಗ ಚೆಂಡಿನ ತಲೆಗೆ ತಾಗುತ್ತದೆ. ನನ್ನ ನಾಲ್ಕು ವರ್ಷದ ಗಾಲ್ಫ್ ಪೂರ್ತಿ ಈ ಎರಡು ವಾಕ್ಯದಲ್ಲಿದೆ. ಹಾಗಾಗಿ ಅಂಗಡಿಯ ಮ್ಯಾಟ್ ಮೇಲೆ ಹೊಡೆದು ಫೇರ್‌ವೇ ವುಡ್ ಕೊಳ್ಳಲೇಬೇಡಿ. ಕೊಳ್ಳಲೇಬೇಕಾದರೆ ಕ್ಲಬ್ ಮುಟ್ಟಿದ ಜಾಗ ತೋರಿಸೋ ಸ್ಟಿಕ್ಕರ್ ಆದರೂ ಅಂಟಿಸಿಕೊಂಡು ಹೊಡೆಯಿರಿ. ಅಂಗಡಿಯವರು ವಾಪಸ್ ತಗೊಳ್ಳಲ್ಲ. ನಾನು ಕೇಳಿ ನೋಡಿದೆ. "ಮುಖದ ಮೇಲೆ ಗೀಚು ಬಿದ್ದಿದೆ ಸರ್" ಅಂದರು. ಬಿದ್ದಿತ್ತು, ನಿಜ.

ಫೆಬ್ರವರಿ ಪೂರ್ತಿ ಮುಖ ಊದಿಸಿಕೊಂಡು ಓಡಾಡಿದೆ. ಕೊನೆಗೆ ಫಿಟ್ಟಿಂಗ್ (ನಮ್ಮ ಬೀಸಿಗೆ ಯಾವ ಕ್ಲಬ್ ಹೊಂದುತ್ತೆ ಅಂತ ಅಳೆಸೋದು) ಮಾಡಿಸೋಣ ಅಂತಾಯಿತು. ಹುಲ್ಲಿನ ಮೇಲೆ ಹೊಡೆಸುವವರೇ ಬೇಕು ಅಂತ ಹಟ ಹಿಡಿದು ಹುಡುಕಿದೆ. ಹತ್ತೊಂಬತ್ತು ದಿನ ಬಿಟ್ಟು ಸಮಯ ಸಿಕ್ಕಿತು. ಶುಲ್ಕ 4,000. ಬರುವಾಗ ನಿಮ್ಮದೇ ಕ್ಲಬ್, ನೀವು ಆಡೋ ಚೆಂಡು, ಹಾಕಿಕೊಳ್ಳೋ ಶೂ ತನ್ನಿ ಅಂದಿದ್ದರು. ಇದನ್ನು ನೀವೂ ಪಾಲಿಸಿ. ಅಲ್ಲಿಯ ರೇಂಜ್ (ಅಭ್ಯಾಸದ ಮೈದಾನ) ಚೆಂಡಿನಲ್ಲಿ ಬರೋ ಅಂಕಿ ನಿಮ್ಮ ಅಂಕಿ ಅಲ್ಲ.

ಫಿಟ್ಟರ್ ಹುಬ್ಬಳ್ಳಿ ಕಡೆಯ ಹುಡುಗ. ಹಿಂದೆ ಒಂದು ರೇಡಾರ್ ಡಬ್ಬ ಇಟ್ಟು ಬರೀ ನೋಡುತ್ತಾ ನಿಂತ. ಹತ್ತು ಚೆಂಡು ಆದಮೇಲೆ, "ಸರ, ಚೆಂಡು ಮ್ಯಾಲ ಏಳವಲ್ದು ನೋಡ್ರಿ" ಅಂದ. ಮೈಸೂರಲ್ಲಿ ಒಬ್ಬ, ಹುಬ್ಬಳ್ಳಿಯವನೊಬ್ಬ. ಕರ್ನಾಟಕದ ಎರಡು ತುದಿಯಿಂದಲೂ ಒಂದೇ ತೀರ್ಪು.

ಆಮೇಲೆ ಮೂರು, ಐದು, ಏಳು, ಮೂರರಲ್ಲೂ ಇಪ್ಪತ್ತಿಪ್ಪತ್ತು ಚೆಂಡು ಹೊಡೆಸಿದ. ನನ್ನ ಡ್ರೈವರ್ ವೇಗ ಗಂಟೆಗೆ 84 ಮೈಲಿ. ಇದು ಜಾಸ್ತಿ ಅಲ್ಲ. ತ್ರೀ ವುಡ್‌ನಲ್ಲಿ ನನ್ನ ಅತಿ ಒಳ್ಳೆಯ ಹೊಡೆತ ಗಾಳಿಯಲ್ಲಿ 168 ಗಜ ಹೋಯಿತು. ನೋಡಿ, ಹೋಯ್ತಲ್ಲ ಅಂದೆ. ಅವನು ಏನೂ ಹೇಳದೆ ಸರಾಸರಿ ತೋರಿಸಿದ: 141. ಐದರ ಸರಾಸರಿ 154. ಏಳರದ್ದು 157! ಏಳರಲ್ಲಿ ಅತಿ ಕೆಟ್ಟ ಹೊಡೆತವೇ 146, ಅಂದರೆ ನನ್ನ ತ್ರೀ ವುಡ್ ಸರಾಸರಿಗಿಂತ ದೂರ. ಮೂರರಲ್ಲಿ ಚೆಂಡು 8 ಡಿಗ್ರಿಯಲ್ಲಿ ಹೊರಟು ಒಂದು ಮಾಳಿಗೆ ಮನೆಯ ಎತ್ತರಕ್ಕೆ ಹೋಗಿ ಬೀಳುತ್ತಿತ್ತು. ಏಳರಲ್ಲಿ 14 ಡಿಗ್ರಿ, ಒಳ್ಳೇ ತೆಂಗಿನ ಮರದಷ್ಟು ಎತ್ತರ.

ಕಾರಣ ಸರಳ. ಕಡಿಮೆ ಲಾಫ್ಟ್ ಇರೋ ಕ್ಲಬ್‌ಗೆ ಚೆಂಡು ಎತ್ತೋಕೆ ವೇಗ ಬೇಕು. ವೇಗ ಇದ್ದರೆ ಚೆಂಡು ಸುತ್ತುವ ರಭಸಕ್ಕೆ ಗಾಳಿಯೇ ಅದನ್ನು ಹೊತ್ತುಕೊಳ್ಳುತ್ತದೆ. ವೇಗ ಇಲ್ಲದವರಿಗೆ ಲಾಫ್ಟೇ ಗತಿ. ಇದರಲ್ಲಿ ನಾಚಿಕೆ ಏನಿಲ್ಲ. ಅಮೆರಿಕದ ಆಟಗಾರ ಡಸ್ಟಿನ್ ಜಾನ್ಸನ್ 2020ರ ಮಾಸ್ಟರ್ಸ್ ಟೂರ್ನಿ ಗೆದ್ದಾಗ ಬ್ಯಾಗಿನಲ್ಲಿ ಸೆವೆನ್ ವುಡ್ ಇತ್ತು, ಆತ ನನ್ನ ಹಾಗೆ ಮೆಲ್ಲಗೆ ಬೀಸುವವನಲ್ಲ. ಆದರೂ ಸೆವೆನ್ ವುಡ್ ಅಂದರೆ ಮುದುಕರ ಕ್ಲಬ್ ಅಂತ ನಮ್ಮ ಶನಿವಾರದ ಗುಂಪಿನಲ್ಲಿ ನಗುತ್ತಾರೆ. ನಾನೂ ಒಬ್ಬರನ್ನು ನೋಡಿ ನಕ್ಕಿದ್ದೆ, ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಶಾಫ್ಟ್, ಅಂದರೆ ಕೋಲಿನ ವಿಷಯವೂ ಫಿಟ್ಟರ್ ಹುಡುಗನೇ ಬಿಡಿಸಿ ಹೇಳಿದ. ನನ್ನ ಹೊಸ ತ್ರೀ ವುಡ್‌ನಲ್ಲಿದ್ದದ್ದು ಸ್ಟಿಫ್, ಕಡಿಮೆ ಬಳುಕೋದು. ನನಗೆ ಬೇಕಿದ್ದದ್ದು ಇನ್ನೂ ಬಳುಕೋ ರೆಗ್ಯುಲರ್, ತೂಕ 55ರಿಂದ 60 ಗ್ರಾಂ. ಶಾಫ್ಟ್ ಮೇಲಿನ 'ಆರ್', 'ಎಸ್' ಅಕ್ಷರಗಳಿಗೆ ಎಲ್ಲ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ ಹತ್ತಿರ ಇರಬಹುದು. ಅದಕ್ಕೇ ಅಕ್ಷರ ಓದಿ ಆನ್‌ಲೈನ್‌ನಲ್ಲಿ ತರಿಸಬೇಡಿ ಅಂದ.

ನಾನು ತರಿಸಿದೆ.

ಆಗಿದ್ದು ಇಷ್ಟು. ನಾನು ಕೇಳಿದ ಅಳತೆಯ ಸೆವೆನ್ ವುಡ್ ಇಲ್ಲಿ ಸ್ಟಾಕ್ ಇರಲಿಲ್ಲ. ಎಂಟು ವಾರ ಆಗುತ್ತೆ, ಬೆಲೆ 29,000 ಅಂದರು. ಅಷ್ಟು ತಾಳ್ಮೆ ಇರಲಿಲ್ಲ. ನ್ಯೂಜೆರ್ಸಿಯಲ್ಲಿರೋ ಅಕ್ಕನ ಮಗಳಿಗೆ ಫೋನ್ ಮಾಡಿದೆ. "ಅಷ್ಟೇನಾ ಮಾಮ, ಸೆಕೆಂಡ್ ಹ್ಯಾಂಡ್ ಚೆನ್ನಾಗಿರೋದು ಸಿಗುತ್ತೆ" ಅಂದಳು. ನಮ್ಮ ದುಡ್ಡಿನಲ್ಲಿ 12,000ಕ್ಕೆ ಸಿಕ್ಕಿತು. ಕೊರಿಯರ್‌ಗೆ 5,800, ಉದ್ದನೆಯ ಡಬ್ಬಕ್ಕೆ ದರವೇ ಬೇರೆ. ಒಟ್ಟಿನಲ್ಲಿ ಇನ್ನೂ ಉಳಿತಾಯವೇ ಅಂದುಕೊಂಡು ಖುಷಿಯಲ್ಲಿದ್ದೆ.

ಡಬ್ಬ ಒಂದು ವಾರದಲ್ಲಿ ಇಂಡಿಯಾ ಮುಟ್ಟಿತು. ಆಮೇಲೆ ಹನ್ನೊಂದು ದಿನ ಕಸ್ಟಮ್ಸ್‌ನಲ್ಲಿ ಕೂತಿತು. ಮೊದಲು ಕೆವೈಸಿ ಕೇಳಿದರು: ಆಧಾರ್, ಪ್ಯಾನ್, ಕೊಂಡ ಬಿಲ್ಲು, ದುಡ್ಡು ಕೊಟ್ಟ ರುಜುವಾತು. ಬಿಲ್ಲು ಅಕ್ಕನ ಮಗಳ ಹೆಸರಲ್ಲಿ. ಅದಕ್ಕೆ ಒಂದು ಪತ್ರ. ಪಾರ್ಸೆಲ್ ಮೇಲೆ ನನ್ನ ಹೆಸರಿನ ಹಿಂದೆ ಎರಡು ಇನಿಶಿಯಲ್, ಆಧಾರ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಉದ್ದಕ್ಕೆ. ಇಬ್ಬರೂ ಒಬ್ಬನೇ ಅಂತ ಸಾಬೀತು ಮಾಡೋಕೆ ಇನ್ನೊಂದು ಪತ್ರ. ಇನಿಶಿಯಲ್ ಇಟ್ಟುಕೊಂಡಿರೋ ನಮ್ಮವರಿಗೆಲ್ಲ ಒಂದೇ ಕಿವಿಮಾತು: ಕಳಿಸೋರಿಗೆ ಆಧಾರ್ ಫೋಟೋ ಕಳಿಸಿ, ಅದರಲ್ಲಿದ್ದ ಹಾಗೇ ಅಕ್ಷರಕ್ಕೆ ಅಕ್ಷರ ಬರೆಸಿ.

ಡಬ್ಬದ ಮೇಲೆ ಗಿಫ್ಟ್ ಅಂತ ಬರೆಸಿದ್ದೆ, ಸುಂಕ ಬೀಳಲ್ಲ ಅಂತ ಯಾರೋ ಹೇಳಿದ್ದರು. ಅದು ಹಳೇ ಕಾಲದ ಮಾತು. ವಿದೇಶದಿಂದ ಬರೋ ಗಿಫ್ಟ್‌ಗೆ ಇದ್ದ ಆ ರಿಯಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದಿದ್ದರು, ರಾಖಿ, ಔಷಧಿಯಂಥ ಒಂದೆರಡು ಬಿಟ್ಟು. ಸುಂಕ, ಕೊರಿಯರ್‌ನವರ ಖರ್ಚು ಎಲ್ಲ ಸೇರಿ 5,400 ಕಟ್ಟಿದೆ. 12,000ದ ಕ್ಲಬ್ ಮನೆ ಬಾಗಿಲಿಗೆ ಬರುವಾಗ 23,200 ಆಗಿತ್ತು.

ಏಪ್ರಿಲ್ ಮೊದಲ ವಾರ ಡಬ್ಬ ಬಿಚ್ಚಿದೆ. ತಲೆ ಹೊಸದರ ಹಾಗಿತ್ತು. ಹಿಡಿಕೆ ಮಾತ್ರ ಸಾಬೂನಿನಂತೆ ಜಾರುತ್ತಿತ್ತು. ಕೋಲು ನನಗೆ ಹೇಳಿದ್ದ ಅಳತೆಗಿಂತ ಅರ್ಧ ಇಂಚು ಉದ್ದ. ಕ್ಲಬ್ ರಿಪೇರಿ ಮಾಡುವವರ ಹತ್ತಿರ ಒಯ್ದು ಅರ್ಧ ಇಂಚು ಕತ್ತರಿಸಿಸಿ ಹೊಸ ಗ್ರಿಪ್ ಹಾಕಿಸಿದೆ. 1,600 ರೂಪಾಯಿ, ನಾಲ್ಕು ದಿನ. ಕತ್ತರಿಸಿದಮೇಲೆ ತಲೆ ಕಡೆ ಭಾರವೇ ಇಲ್ಲದ ಹಾಗಾಯಿತು, ಬೀಸಿದರೆ ಕೈಯಲ್ಲಿ ಏನೂ ಇಲ್ಲ ಅನ್ನಿಸೋದು. ಅರ್ಧ ಇಂಚಿಗೇ ಅಷ್ಟು ಫರಕು ಬರುತ್ತದೆ. ಅವರೇ ತಲೆಯ ಹಿಂಭಾಗಕ್ಕೆ ಸೀಸದ ಪಟ್ಟಿ ಅಂಟಿಸಿದರು, ಸುಮಾರು ಐದು ಗ್ರಾಂ. ಸರಿಹೋಯಿತು. ನೋಡೋಕೆ ಪಂಕ್ಚರ್ ಹಾಕಿದ ಟ್ಯೂಬ್ ತರ ಇದೆ, ಇರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳೋರು ಇನ್ನೊಂದು ನೋಡಿ. ನಕಲಿ ಕ್ಲಬ್‌ಗಳ ಕಾಟ ಇದೆ. ಹೊಸದು ಅರ್ಧ ಬೆಲೆಗೆ ಕೊಡ್ತೀನಿ ಅಂದರೆ ಕೋಲು ತಲೆಗೆ ಸೇರೋ ಜಾಗದಲ್ಲಿ ಸೀರಿಯಲ್ ನಂಬರ್ ಇದೆಯಾ, ಕೊರೆದದ್ದಾ ಬರೀ ಅಚ್ಚೊತ್ತಿದ್ದಾ ನೋಡಿ. ಲಾಫ್ಟ್ ತಿರುಗಿಸೋ ಸ್ಕ್ರೂ ಇರೋ ಕ್ಲಬ್ ಆದರೆ ಅದರ ಕೀಲಿಯನ್ನೂ ಕೇಳಿ. ಲಾಫ್ಟ್ ಹೆಚ್ಚು ಮಾಡಿದರೆ ಮುಖ ಸ್ವಲ್ಪ ಎಡಕ್ಕೆ ತಿರುಗುತ್ತದೆ, ಸುಮ್ನೆ ತಿರುಚಬೇಡಿ.

ಇಷ್ಟಾದಮೇಲೆ ಚೆಂಡು ತಾನಾಗೇ ಏಳುತ್ತೆ ಅಂದುಕೊಂಡರೆ ಅದೂ ಇಲ್ಲ. ಹೆಚ್ಚು ಏಳುತ್ತಿತ್ತು, ನಿಜ. ಆದರೆ ಪ್ರತಿ ಮೂರು ಹೊಡೆತಕ್ಕೆ ಒಂದು ಇನ್ನೂ ಹಳೇ ಚಾಳಿ. ಎಂಟು ಕ್ಲಾಸ್‌ಗೆ ಕೋಚ್ ಹಿಡಿದೆ, ಒಂದಕ್ಕೆ 900. ಮೊದಲ ದಿನ ಅವರು ಚೆಂಡನ್ನೇ ಕೊಡಲಿಲ್ಲ. ಒಂದು ಮರದ ಟೀಯನ್ನು ಹುಲ್ಲಿನ ಮಟ್ಟಕ್ಕೆ ಪೂರ್ತಿ ಒತ್ತಿ, ಅದರ ತಲೆಯನ್ನು ಕ್ಲಬ್‌ನಿಂದ ಸವರಿ ಅಂದರು.

"ಚೆಂಡು ಎತ್ತಬೇಡಿ ಸರ್. ಎತ್ತೋಕೆ ಅದಕ್ಕೇ 21 ಡಿಗ್ರಿ ಕೊಟ್ಟಿದ್ದಾರೆ. ನೀವು ಅಂಗಳ ಗುಡಿಸಿ."

ಅಂಗಳ ಗುಡಿಸೋದು ನನಗೆ ಗೊತ್ತು. ಹಳ್ಳಿ ಮನೆಯಲ್ಲಿ ಅಜ್ಜಿ ತೆಂಗಿನ ಕಡ್ಡಿ ಪೊರಕೆ ಕೊಟ್ಟು ಗುಡಿಸಿಸುತ್ತಿದ್ದಳು. ಪೊರಕೆ ಅಮುಕಿದರೆ ಮಣ್ಣು ಕೆರೆಯುತ್ತೆ, ಎತ್ತಿದರೆ ಕಸ ಅಲ್ಲೇ ಇರುತ್ತೆ. ಟಿಕ್ ಅಂತ ಟೀ ಹಾರಿದಾಗ ಕೈಗೆ ಗೊತ್ತೇ ಆಗೋದಿಲ್ಲ, ಅಷ್ಟು ಹಗುರ. ಟೀ ಇದ್ದ ಜಾಗದ ಮುಂದೆ ಹುಲ್ಲು ಒಂದು ಅಂಗೈ ಅಗಲ ಬಾಚಿದ ಹಾಗೆ ಮಲಗಿರಬೇಕು. ಹಿಂದೆ ಮಲಗಿದ್ದರೆ ತಪ್ಪು. ಈ ಗುರುತನ್ನು ನಾನು ಈಗಲೂ ಪ್ರತಿ ಹೊಡೆತದ ಮೇಲೂ ಬಗ್ಗಿ ನೋಡುತ್ತೇನೆ.

ಎರಡನೇ ವಾರ ಕಾಲಿಂಚು ಎತ್ತರದ ಟೀ ಮೇಲೆ ಚೆಂಡು. ಮೂರನೇ ವಾರ ಬರೀ ಹುಲ್ಲು. ಚೆಂಡು ಇಡೋ ಜಾಗ ಡ್ರೈವರ್‌ಗೆ ಎಡ ಹಿಮ್ಮಡಿಯ ನೇರ, ಇದಕ್ಕೆ ಅಲ್ಲಿಂದ ಎರಡು ಮೂರು ಇಂಚು ಒಳಗೆ. ನಾನು ನಾಲ್ಕು ವರ್ಷ ಎರಡಕ್ಕೂ ಒಂದೇ ಜಾಗದಲ್ಲಿ ಇಟ್ಟಿದ್ದೆ! ನಾಲ್ಕನೇ ವಾರ ಇದ್ದಕ್ಕಿದ್ದಂತೆ ಎಲ್ಲವೂ ಎಡಕ್ಕೆ ಹೋಗತೊಡಗಿತು. ಲಾಫ್ಟ್ ಜಾಸ್ತಿ ಇರೋ ವುಡ್‌ಗಳಿಗೆ ಎಡಕ್ಕೆ ಎಳೆಯೋ ಸ್ವಭಾವ ಇದೆಯಂತೆ. ಆ ವಾರ ನಿದ್ದೆ ಸರಿಯಾಗಿ ಬರಲಿಲ್ಲ, ಉತ್ಪ್ರೇಕ್ಷೆ ಅಲ್ಲ. ಹಿಡಿತ ಸಡಿಲ ಮಾಡಿ, ಮುಕ್ಕಾಲು ಬೀಸಿಗೆ ಇಳಿಸಿದಮೇಲೆ ಹತೋಟಿಗೆ ಬಂತು.

ಎಲ್ಲಿ ಇದನ್ನು ತೆಗೆಯಬಾರದು ಅನ್ನೋದನ್ನು ಕ್ಯಾಡಿ ಕಲಿಸಿದ. ಉದ್ದ ಹುಲ್ಲಿನಲ್ಲಿ ಚೆಂಡಿನ ಅರ್ಧ ಭಾಗವೂ ಕಾಣದಿದ್ದರೆ ಎಂಟನೇ ಐರನ್ ತಗೊಂಡು ಫೇರ್‌ವೇಗೆ ಬನ್ನಿ. ಬೇಸಿಗೆಯಲ್ಲಿ ಹುಲ್ಲು ಸುಟ್ಟು ಕೆಂಪು ಮಣ್ಣು ಬಿಟ್ಟಿರೋ ಕಡೆಯೂ ಬೇಡ. ಎದುರುಗಾಳಿ ಜೋರಿದ್ದರೆ ಎತ್ತರಕ್ಕೆ ಹೋಗೋ ಚೆಂಡು ಅಲ್ಲೇ ನಿಂತು ಬೀಳುತ್ತದೆ. ಮಳೆಗಾಲಕ್ಕೆ ಮಾತ್ರ ಇದು ದೇವರು. ನೆಲ ಒದ್ದೆ ಇದ್ದಾಗ ಚೆಂಡು ಉರುಳಲ್ಲ, ಗಾಳಿಯಲ್ಲಿ ಹೋದಷ್ಟೇ ಬಂತು.

ಬ್ಯಾಗಿನಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕ್ಲಬ್ ಇರಬಾರದು ಅನ್ನೋ ನಿಯಮ ಇದೆಯಲ್ಲ, ಹಾಗಾಗಿ ಹೊಸ ತ್ರೀ ವುಡ್ ಹೊರಗೆ ಹೋಯಿತು. ಹಳೇ ತ್ರೀ ವುಡ್ ಆಗಲೇ ಅಟ್ಟದಲ್ಲಿತ್ತು. ಏಳು ಹೋಗೋ ದೂರಕ್ಕೂ ಡ್ರೈವರ್ ಹೋಗೋ ದೂರಕ್ಕೂ ಮಧ್ಯೆ ಈಗ ಇಪ್ಪತ್ತೆಂಟು ಗಜದ ಖಾಲಿ ಜಾಗ ಇದೆ. ಅಲ್ಲಿಗೆ ಏನಾದರೂ ಬೇಕಾ ಅಂತ ಮನೆಯಲ್ಲಿ ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಲೆಕ್ಕ: ತ್ರೀ ವುಡ್ 27,500, ಫಿಟ್ಟಿಂಗ್ 4,000, ಸೆವೆನ್ ವುಡ್ ಮನೆ ಮುಟ್ಟುವಾಗ 23,200, ರಿಪೇರಿ 1,600, ಕ್ಲಾಸ್ 7,200. ಒಟ್ಟು 63,500. ಮೊದಲೇ ಫಿಟ್ಟಿಂಗ್ ಮಾಡಿಸಿ ಎಂಟು ವಾರ ಕಾದಿದ್ದರೆ ಕ್ಲಾಸೂ ಸೇರಿ 40,200ಕ್ಕೆ ಮುಗಿಯುತ್ತಿತ್ತು.

ಜೂನ್ ಎರಡನೇ ಶನಿವಾರ, ಹಿಂದಿನ ರಾತ್ರಿ ಮಳೆ ಬಂದಿತ್ತು. ಜನವರಿಯ ಅದೇ ಪಾರ್ 5. ಕ್ಯಾಡಿ ಕೇಳಲೂ ಇಲ್ಲ, ಏಳನ್ನು ತೆಗೆದು ಕವರ್ ಕಿತ್ತು ಕೈಗಿಟ್ಟ. ಅಂಗಳ ಗುಡಿಸಿದೆ. ತಲೆ ಎತ್ತಿ ನೋಡುವಷ್ಟರಲ್ಲಿ ಚೆಂಡು ಬೆಟ್ಟದ ಹಸಿರಿನ ಮುಂದೆ ಬೆಳ್ಳಗೆ ನಿಂತ ಹಾಗಿತ್ತು. ಕೆಳಗೆ ಬಿದ್ದು ಎರಡು ಗಜವೂ ಉರುಳಲಿಲ್ಲ. ಕ್ಯಾಡಿ "ಎದ್ದಿತು ಸರ್" ಅಂದ, ಅಷ್ಟೇ. ಆಮೇಲೆ ಮೂರು ಪಟ್ ಹೊಡೆದು, ಆ ಹೋಲ್‌ಗೆ ಒಟ್ಟು ಏಳು ಹೊಡೆತ ಅಂತ ಬರೆಸಿದೆ, ಆ ಮಾತು ಬೇರೆ.

ತ್ರೀ ವುಡ್ ಮಾರೋಕೆ ಇಟ್ಟಿದ್ದೆ. ಹೋದ ವಾರ ಒಬ್ಬ ಹುಡುಗ ಬಂದ, ಇಪ್ಪತ್ತೈದು ವರ್ಷ ಇರಬಹುದು, ಭುಜ ಅಗಲ. ಮುಖದ ಮೇಲಿನ ಗೀಚನ್ನು ಬೆರಳಲ್ಲಿ ಸವರಿ ಕೇಳಿದ: "ಅಂಕಲ್, ನೆಲದಿಂದ ಹೊಡೆದ್ರೆ ಏಳುತ್ತಾ?"

"ನನಗೆ ಏಳಲಿಲ್ಲಪ್ಪ" ಅಂದೆ. "ರೇಂಜ್‌ಗೆ ಹೋಗೋಣ ಬಾ, ಹುಲ್ಲಿನ ಮೇಲೆ ಹೊಡೆದು ನೋಡಿ ಆಮೇಲೆ ದುಡ್ಡು ಕೊಡು."

ಮೂರನೇ ಚೆಂಡಿಗೇ ಅವನು ನೆಟ್ ದಾಟಿಸಿದ. 16,000 ಕೊಟ್ಟು ತಗೊಂಡು ಹೋದ.